ಪದಚರ್ಚೆ: ‘ಔಪಚಾರಿಕ’ ಎಂಬ ಒಂದೇ ಪದ ಎಷ್ಟು ಕಡೆ ದುಡಿಯಬೇಕು?

ಎಲ್ಲರಿಗೂ ನಮಸ್ಕಾರ. ‘ಫಾರ್ಮಲ್’, ‘ಇನ್‌ಫಾರ್ಮಲ್’ ಜೋಡಿಗೆ ನೀವು ಕನ್ನಡದಲ್ಲಿ ಏನು ಬರೆಯುತ್ತೀರಿ? ‘ಔಪಚಾರಿಕ, ಅನೌಪಚಾರಿಕ’ ಅಂತ ತಕ್ಷಣ ಉತ್ತರ ಬರುತ್ತದೆ, ಗೊತ್ತು. ನನ್ನ ತಕರಾರು ಅಲ್ಲಿಂದಲೇ ಶುರು. ಈ ಪದ ಕೆಲವು ಕಡೆ ಚೆನ್ನಾಗಿ ಕೂರುತ್ತದೆ. ಕೆಲವು ಕಡೆ ಸುಮ್ನೆ ಜಾಗ ತುಂಬುತ್ತದೆ. ಒಂದೆರಡು ಕಡೆಯಂತೂ ಹೇಳಬೇಕಾದ್ದಕ್ಕೆ ಪೂರ್ತಿ ತಿರುಗುಮುರುಗು ಅರ್ಥ ಕೊಟ್ಟುಬಿಡುತ್ತದೆ.

ನಾನಿರುವುದು ಶಿಡ್ಲಘಟ್ಟದಲ್ಲಿ. ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ದುಡಿಯುವವರಿಗೆ ಸರ್ಕಾರದ ಯೋಜನೆಗಳನ್ನು ತಿಳಿಸುವ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಇನ್‌ಫಾರ್ಮಲ್ ವರ್ಕರ್’ ಎಂಬುದು ಹೆಜ್ಜೆಹೆಜ್ಜೆಗೂ ಬರುತ್ತದೆ. ‘ಅನೌಪಚಾರಿಕ ಕಾರ್ಮಿಕರು’ ಎಂದು ಬರೆದರೆ ಬಿಸಿನೀರಿನ ತೊಟ್ಟಿಯ ಮುಂದೆ ಕೂತ ಹೆಂಗಸಿಗೆ ಅದು ತನ್ನ ವಿಷಯ ಅಂತ ಅನಿಸುವುದೇ ಇಲ್ಲ. ಅದಕ್ಕೇ ಈ ಪತ್ರ.

ಮೊದಲು ಉಪಚಾರ. ಮನೆಗೆ ಬಂದವರನ್ನು ಉಪಚರಿಸುತ್ತೇವೆ. ಕಾಯಿಲೆ ಬಿದ್ದವರಿಗೆ ಉಪಚಾರ ಮಾಡುತ್ತೇವೆ. ಪೂಜೆಯಲ್ಲಿ ದೇವರಿಗೆ ಷೋಡಶೋಪಚಾರ, ಅಂದರೆ 16 ಬಗೆಯ ಸೇವೆ. ‘ಉಪಚಾರಕ್ಕೆ ಹೇಳಿದ ಮಾತು’ ಅಂದರೆ ಮನಸ್ಸಿನಿಂದ ಬಂದದ್ದಲ್ಲ ಅಂತಲೂ ಅರ್ಥ. ಸಂಸ್ಕೃತ ಶಾಸ್ತ್ರದವರು ಇದನ್ನು ಇನ್ನೂ ಬೇರೆ ರೀತಿ ಬಳಸುತ್ತಾರೆ. ‘ಸಿಂಹೋ ಮಾಣವಕಃ’ ಅನ್ನುತ್ತಾರೆ, ಈ ಹುಡುಗ ಸಿಂಹ ಅಂತ. ಹುಡುಗನಿಗೆ ಕೇಸರ ಇಲ್ಲ, ಬಾಲ ಇಲ್ಲ, ಆದ್ದರಿಂದ ಅಲ್ಲಿ ‘ಸಿಂಹ’ ಔಪಚಾರಿಕ ಪ್ರಯೋಗ. ಅದಕ್ಕೆ ಎದುರಾಗಿ ನಿಲ್ಲುವುದು ಅನೌಪಚಾರಿಕ ಅಲ್ಲ, ‘ಮುಖ್ಯ’. ಹೀಗೆ ಮರ್ಯಾದೆಗೆ ಮಾಡಿದ್ದು, ಮೇಲುಮೇಲಿಗೆ ಹೇಳಿದ್ದು, ನೇರ ಅರ್ಥವಲ್ಲದ್ದು ಎಂಬ ಛಾಯೆಗಳೆಲ್ಲ ಈ ಪದಕ್ಕೆ ಮೊದಲಿನಿಂದಲೂ ಅಂಟಿಕೊಂಡಿವೆ. ‘ಘೋಷಣೆ ಕೇವಲ ಔಪಚಾರಿಕ’ ಎಂದು ಪತ್ರಿಕೆಯಲ್ಲಿ ಓದಿದಾಗ ನಮಗೆ ತಿಳಿಯುವುದೇನು? ಆಗಬೇಕಾದ್ದು ಆಗಿಹೋಗಿದೆ, ಇದು ನೆಪಕ್ಕೆ ಅಂತ.

ಈಗ ಗಣಿತಕ್ಕೆ ಬನ್ನಿ. ಅಲ್ಲಿ ಫಾರ್ಮಲ್ ಅಂದರೆ ‘ಫಾರ್ಮ್’, ರೂಪ. ‘ಎಲ್ಲ ಅ ಗಳೂ ಆ, ಎಲ್ಲ ಆ ಗಳೂ ಇ, ಹಾಗಾದರೆ ಎಲ್ಲ ಅ ಗಳೂ ಇ.’ ಅ ಅಂದರೆ ಕುರಿಯೋ ಟೊಮೆಟೊವೋ ಗೊತ್ತಾಗಬೇಕಿಲ್ಲ, ವಾಕ್ಯದ ರೂಪ ನೋಡಿದರೆ ಸಾಕು. ಯಾವ ನಕ್ಷೆಗಾದರೂ ಅಕ್ಕಪಕ್ಕದ ಪ್ರದೇಶಗಳಿಗೆ ಒಂದೇ ಬಣ್ಣ ಬಾರದಂತೆ ಹಚ್ಚಲು ನಾಲ್ಕು ಬಣ್ಣ ಸಾಕು ಎಂಬ ಪ್ರಮೇಯ ಇದೆಯಲ್ಲ, ಅದನ್ನು 1976ರಲ್ಲಿ ಆಪೆಲ್ ಮತ್ತು ಹಾಕನ್ ಎಂಬ ಗಣಿತಜ್ಞರು ಕಂಪ್ಯೂಟರ್ ಸಹಾಯದಿಂದ ಸಾಧಿಸಿದರು. ಆದರೂ ಅಷ್ಟೊಂದು ಲೆಕ್ಕವನ್ನು ಕೈಯಲ್ಲಿ ಪರೀಕ್ಷಿಸುವುದು ಹೇಗೆ ಎಂಬ ಅನುಮಾನ ಕೆಲವರಲ್ಲಿ ಉಳಿದಿತ್ತು. 2005ರಲ್ಲಿ ಜಾರ್ಜ್ ಗೊಂತಿಯೇ ಅದರ ‘ಫಾರ್ಮಲ್ ಪ್ರೂಫ್’ ಮುಗಿಸಿದರು, ಅಂದರೆ ಒಂದೊಂದು ಹೆಜ್ಜೆಯನ್ನೂ ತರ್ಕದ ನಿಯಮಕ್ಕೆ ಒಡ್ಡಿ ಯಂತ್ರದಿಂದಲೇ ಪರೀಕ್ಷೆ ಮಾಡಿಸಿದ್ದು. ಇದಕ್ಕಿಂತ ಬಿಗಿಯಾದ ಸಾಧನೆ (ಪ್ರೂಫ್) ಇನ್ನೊಂದಿಲ್ಲ. ಅದನ್ನು ‘ಔಪಚಾರಿಕ ಸಾಧನೆ’ ಅಂದರೆ ಕನ್ನಡದ ಕಿವಿಗೆ ಏನು ಕೇಳಿಸುತ್ತದೆ? ನೆಪಕ್ಕೆ ಮಾಡಿದ ಸಾಧನೆ ಅಂತ! ಇಲ್ಲಿ ‘ರೂಪನಿಷ್ಠ’ ಬೇಕು ಅಂತ ನನ್ನ ವಾದ. ಗಣಿತದವರು ದಿನಾ ಬರೆಯುವ ಮಾಮೂಲಿ ಸಾಧನೆಯನ್ನು ಅವರು ಇನ್‌ಫಾರ್ಮಲ್ ಅನ್ನುತ್ತಾರೆ. ಅದು ಸಡಿಲ ಅಂತಲೂ ಅಲ್ಲ, ತಪ್ಪು ಅಂತಲೂ ಅಲ್ಲ. ಓದುವ ಮನುಷ್ಯನ ತಿಳಿವಳಿಕೆಗೆ ಒಂದಿಷ್ಟು ಬಿಟ್ಟಿರುತ್ತದೆ, ಅಷ್ಟೆ.

ಕಾನೂನಿನಲ್ಲಿ ಫಾರ್ಮಾಲಿಟಿ ಅಂದರೆ ಮತ್ತೊಂದು. ಇಷ್ಟಿದ್ದರೆ ಊರ್ಜಿತ, ಇಲ್ಲದಿದ್ದರೆ ಇಲ್ಲ. ನೂರು ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಜಮೀನು ಕೊಂಡರೆ ಕ್ರಯಪತ್ರ ನೋಂದಣಿ ಆಗಲೇಬೇಕು. ಆದರೆ ವಿಲ್ ಬರೆಯಲು ಛಾಪಾ ಕಾಗದವೂ ಬೇಡ, ನೋಂದಣಿ ಕಡ್ಡಾಯವೂ ಅಲ್ಲ, ಇಬ್ಬರು ಸಾಕ್ಷಿಗಳ ಸಹಿ ಮಾತ್ರ ತಪ್ಪುವಂತಿಲ್ಲ. ಕಚೇರಿಯಲ್ಲಿ ‘ಫಾರ್ಮಾಲಿಟಿ ಎಲ್ಲಾ ಮುಗಿಸ್ಕೊಂಡು ಬನ್ನಿ’ ಅಂದಾಗ ನಮಗೆ ಅದು ಸುಮ್ನೆ ಓಡಾಟ ಅನಿಸುತ್ತದೆ. ಆದರೆ ಎರಡನೇ ಸಾಕ್ಷಿಯ ಸಹಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅಪ್ಪ ಬರೆದಿಟ್ಟ ವಿಲ್ ಬಿದ್ದುಹೋಗುತ್ತದೆ. ಇದನ್ನು ‘ಔಪಚಾರಿಕತೆ’ ಅಂತ ಕರೆದು ಜನ ಹಗುರವಾಗಿ ತೆಗೆದುಕೊಳ್ಳುವಂತೆ ಮಾಡಬಾರದು. ‘ವಿಧಿ’ ಅಥವಾ ‘ಕ್ರಮ’ ಸಾಕು.

ಮಾತಿನ ವಿಷಯ ಇನ್ನೂ ಸ್ವಾರಸ್ಯ. ಫಾರ್ಮಲ್ ಅಂದರೆ ‘ನೀವು’, ಇನ್‌ಫಾರ್ಮಲ್ ಅಂದರೆ ‘ನೀನು’ ಎಂದು ಹೇಳಿಕೊಡುವುದುಂಟು. ಕನ್ನಡದಲ್ಲಿ ಅದು ಹಾಗೆ ನಿಲ್ಲುವುದಿಲ್ಲ. ‘ಏನ್ ಸ್ವಾಮಿ, ಊಟ ಮಾಡಿದ್ರಾ’ ಅನ್ನುವಲ್ಲಿ ಬಹುವಚನ ಇದೆ, ಮರ್ಯಾದೆ ಇದೆ, ಮಾತು ಮಾತ್ರ ಪೂರ್ತಿ ಸಲುಗೆಯದು. ದೇವರ ಸ್ತುತಿಯಲ್ಲಿ ಗ್ರಾಂಥಿಕ ಭಾಷೆ ಇರುತ್ತದೆ, ಆದರೆ ದೇವರಿಗೆ ‘ನೀನು’. ಅಂದರೆ ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಎದುರಿಗಿರುವವರನ್ನು ಎಲ್ಲಿಡುತ್ತೇವೆ ಎಂಬುದು ಒಂದು, ಮಾತು ಬರಹಕ್ಕೆ ಎಷ್ಟು ಹತ್ತಿರ ಎಂಬುದು ಇನ್ನೊಂದು. ‘ದಯವಿಟ್ಟು’ ಬೋರ್ಡಿನಲ್ಲಿ, ಅರ್ಜಿಯಲ್ಲಿ ಸಿಗುತ್ತದೆ. ಬಾಯಲ್ಲಿ ಆ ಕೆಲಸ ಮಾಡುವುದು ‘ಒಂಚೂರು’, ‘ಸ್ವಲ್ಪ’: ‘ಸ್ವಲ್ಪ ಆ ಕಡೆ ಸರೀತೀರಾ?’ ನಮ್ಮ ಕಡೆ ತೆಲುಗು, ಉರ್ದು, ಕನ್ನಡ ಮೂರೂ ಒಂದೇ ಬೀದಿಯಲ್ಲಿ ಓಡಾಡುವುದರಿಂದ ಮರ್ಯಾದೆ ತೋರಿಸುವ ಹತ್ಯಾರ ಇನ್ನೂ ಜಾಸ್ತಿ. ತೆಲುಗಿನ ‘ಗಾರು’, ಉರ್ದುವಿನ ‘ಸಾಬ್’ ಕನ್ನಡ ವಾಕ್ಯದ ಒಳಗೇ ಬಂದು ಕೂರುತ್ತವೆ. ಈ ಮಟ್ಟಿಗೆ ‘ಮರ್ಯಾದೆಯ ಮಾತು’, ‘ಸಲುಗೆಯ ಮಾತು’ ಒಂದು ಜೋಡಿ, ‘ಬರಹದ ಮಾತು’, ‘ಆಡುಮಾತು’ ಇನ್ನೊಂದು ಜೋಡಿ. ಎರಡನ್ನೂ ಕಲಸಬಾರದು.

ಬಟ್ಟೆಯ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಅಂಗಡಿಯಲ್ಲಿ ಎಲ್ಲರೂ ‘ಫಾರ್ಮಲ್ಸ್’ ಅನ್ನುತ್ತಾರೆ, ಅದೇ ಇರಲಿ. ಶಿಕ್ಷಣದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಅಲ್ಲಿ ಮೂರು ಬಗೆ: ಶಾಲೆಯದು ‘ಫಾರ್ಮಲ್’, ರಾತ್ರಿಶಾಲೆ, ಸಾಕ್ಷರತಾ ತರಗತಿಯಂಥದ್ದು ‘ನಾನ್‌ಫಾರ್ಮಲ್’, ಅಮ್ಮನ ಪಕ್ಕ ಕೂತು ಅಡುಗೆ ಕಲಿಯುವುದು ‘ಇನ್‌ಫಾರ್ಮಲ್’. 1974ರಲ್ಲಿ ಕೂಂಬ್ಸ್ ಮತ್ತು ಅಹ್ಮದ್ ಎಂಬ ಸಂಶೋಧಕರು ಈ ಮೂರನ್ನು ಬಿಡಿಸಿ ಹೇಳಿದ್ದರು. ನಾವು ಕೊನೆಯ ಎರಡಕ್ಕೂ ‘ಅನೌಪಚಾರಿಕ’ ಎಂದೇ ಬರೆದುಬಿಟ್ಟರೆ ವ್ಯತ್ಯಾಸವೇ ಉಳಿಯುವುದಿಲ್ಲ, ಅಲ್ವಾ?

ಈಗ ನನ್ನ ಕರಪತ್ರ. ‘ಇನ್‌ಫಾರ್ಮಲ್’ ಎಂಬುದನ್ನು ಆರ್ಥಿಕ ಚರ್ಚೆಗೆ ತಂದದ್ದು ಕೀತ್ ಹಾರ್ಟ್ ಎಂಬ ಮಾನವಶಾಸ್ತ್ರಜ್ಞ. ಘಾನಾ ದೇಶದ ಅಕ್ರಾ ನಗರಕ್ಕೆ ಉತ್ತರದಿಂದ ವಲಸೆ ಬಂದವರನ್ನು ಅವರು ಹತ್ತಿರದಿಂದ ನೋಡಿದರು. ಸರ್ಕಾರದ ಲೆಕ್ಕದಲ್ಲಿ ನಿರುದ್ಯೋಗಿಗಳಾದವರು ನಿಜದಲ್ಲಿ ಹತ್ತಾರು ದಾರಿಯಲ್ಲಿ ದುಡಿಯುತ್ತಿದ್ದರು. ಹಾರ್ಟ್ ಇದನ್ನು 1971ರಲ್ಲಿ ಮಂಡಿಸಿದರು, ಲೇಖನ ಅಚ್ಚಾದದ್ದು 1973ರಲ್ಲಿ. ನಡುವೆ 1972ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಕೀನ್ಯಾ ವರದಿ ಈ ಪದವನ್ನು ಜಗತ್ತಿಗೆಲ್ಲ ಹರಡಿತು. ಭಾರತದಲ್ಲಿ 2004ರಲ್ಲಿ ನೇಮಕವಾದ ಅರ್ಜುನ್ ಸೇನ್‌ಗುಪ್ತ ಆಯೋಗ ಎರಡು ವಿಷಯಗಳನ್ನು ಬೇರ್ಪಡಿಸಿತು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಖಾಸಗಿ ಉದ್ದಿಮೆಗಳು ‘ಅಸಂಘಟಿತ ವಲಯ’. ಮಾಲೀಕರ ಕಡೆಯಿಂದ ಕೆಲಸದ ಭದ್ರತೆಯಾಗಲಿ ಸಾಮಾಜಿಕ ಭದ್ರತೆಯಾಗಲಿ ಇಲ್ಲದೆ ದುಡಿಯುವವರು, ಅವರು ಎಲ್ಲೇ ಇರಲಿ, ‘ಇನ್‌ಫಾರ್ಮಲ್’ ಕೆಲಸಗಾರರು. ಕೋಲಾರದ ನರಸಾಪುರದ ಕೈಗಾರಿಕಾ ಪ್ರದೇಶವನ್ನೇ ತಗೊಳ್ಳಿ. ಅಲ್ಲಿನ ದೊಡ್ಡ ಕಾರ್ಖಾನೆಯಲ್ಲೂ ಪಿಎಫ್, ಇಎಸ್‌ಐ ಕಾಣದ ಗುತ್ತಿಗೆ ಕೆಲಸಗಾರ ಇದ್ದರೆ, ಕಟ್ಟಡ ಎಷ್ಟೇ ದೊಡ್ಡದಿರಲಿ, ಅವನೂ ಈ ಎರಡನೇ ಗುಂಪಿನವನೇ.

ನಮ್ಮೂರಲ್ಲಿ ಇದು ಕಣ್ಣಿಗೇ ಕಾಣುತ್ತದೆ. ರೇಷ್ಮೆಗೂಡಿನ ಮಾರುಕಟ್ಟೆ ಗೂಡು, ನೂಲಿನ ಮಾರಾಟಕ್ಕೆಂದೇ ಇರುವ 1959ರ ರಾಜ್ಯ ಕಾಯ್ದೆಯ ಕೆಳಗೆ ನಡೆಯುತ್ತದೆ. ರೈತ ತಂದ ಗೂಡಿಗೆ ಲಾಟ್ ನಂಬರ್, ಗೂಡು ಕೊಂಡು ನೂಲು ಬಿಚ್ಚಿಸುವ ರೀಲರ್‌ಗೆ ಲೈಸೆನ್ಸ್, ಮೊಬೈಲ್‌ನಲ್ಲೇ ಹರಾಜು, ಸರ್ಕಾರಿ ತಕ್ಕಡಿಯಲ್ಲಿ ತೂಕ. ಪ್ರತಿ ಕೆಜಿಗೂ ಲೆಕ್ಕ ಇದೆ. ಅದೇ ಗೂಡು ಬೀದಿ ದಾಟಿ ಬಿಚ್ಚಾಣಿಕೆ ಘಟಕಕ್ಕೆ ಹೋಗಿ ಬಿಸಿನೀರಿಗೆ ಬಿದ್ದ ಮೇಲೆ, ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಂದು ಬಿಳುಚಿಕೊಂಡ ಆ ಹೆಂಗಸಿನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಕೂಲಿ ಕೈಗೆ, ಮುಂಗಡ ಬಾಯಿಮಾತಿಗೆ. ಗೂಡಿಗೆ ಇರುವ ದಾಖಲೆ ಕೂಡ ಅವಳಿಗಿಲ್ಲ. ಇದನ್ನು ‘ಅನೌಪಚಾರಿಕ’ ಅಂದರೆ ಯಾರೋ ಅವಳನ್ನು ಸರಿಯಾಗಿ ಉಪಚರಿಸಲಿಲ್ಲ ಅಂತ ಕೇಳಿಸುತ್ತದೆ. ಅವಳಿಗೆ ಇಲ್ಲದಿರುವುದು ಉಪಚಾರವಲ್ಲ, ಕಾಯ್ದೆಯ ರಕ್ಷಣೆ.

‘ಅಸಂಘಟಿತ ಕಾರ್ಮಿಕರು’ ಎಂಬುದು ಬಳಕೆಯಲ್ಲಿದೆ, ಒಪ್ಪುತ್ತೇನೆ. 2008ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲೂ ಅದೇ ಇತ್ತು, 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಇ-ಶ್ರಮ್ ನೋಂದಣಿಯಲ್ಲೂ ಅದೇ ಇದೆ, ಯೋಜನೆಯ ಹೆಸರು ಹೇಳುವಾಗ ಅದನ್ನೇ ಬರೆಯಬೇಕು. ಆದರೆ ಅದೂ ಪೂರ್ತಿ ಸರಿ ಹೋಗುವುದಿಲ್ಲ. ಹಮಾಲರು ಸಂಘ ಕಟ್ಟಿಕೊಂಡು, ಬೋರ್ಡು ಹಾಕಿಕೊಂಡು, ಕೂಲಿ ದರಕ್ಕೆ ಒಟ್ಟಾಗಿ ನಿಂತು ಮಾತಾಡಿದರೂ ದಾಖಲೆಯಲ್ಲಿ ಅವರು ‘ಅಸಂಘಟಿತ’ರೇ! ಸಂಘಟನೆ ಇಲ್ಲದ್ದು ಅವರ ಕೊರತೆ ಎಂಬಂತೆ ಆ ಪದ ಅವರ ಮೇಲೇ ಬೆರಳು ತೋರಿಸುತ್ತದೆ.

ಜನರ ಬಾಯಲ್ಲಿ ಪದಗಳಿಲ್ಲ ಅಂತಲ್ಲ. ಪತ್ರ ಇಲ್ಲದೆ ಕೊಟ್ಟ ಸಾಲ ಕೈಗಡ, ಕೈಸಾಲ. ನಮ್ಮ ಕಡೆ ತೆಲುಗಿನವರು ಅದನ್ನೇ ಚೇಬದುಲು ಅನ್ನುತ್ತಾರೆ, ಅಲ್ಲೂ ‘ಕೈ’ಯೇ ಇದೆ. ಕರಾರುಪತ್ರವಿಲ್ಲದ ಒಪ್ಪಂದ ಬಾಯಿಮಾತು. ತೆರಿಗೆ ಕಟ್ಟಿದ ರಸೀದಿ ಪಕ್ಕಾ ಬಿಲ್, ಇಲ್ಲದ್ದು ಕಚ್ಚಾ. ಕೆಲಸಕ್ಕೆ ಖಾಯಂ, ಗುತ್ತಿಗೆ, ದಿನಗೂಲಿ. ಕೈ, ಬಾಯಿ, ಕಚ್ಚಾ: ಇಷ್ಟರಲ್ಲೇ ಯಾವುದಕ್ಕೆ ಕಾಗದದ ಆಧಾರ ಇದೆ, ಯಾವುದಕ್ಕೆ ನಂಬಿಕೆಯೊಂದೇ ಆಧಾರ ಅಂತ ತಿಳಿದುಹೋಗುತ್ತದೆ.

ಸದ್ಯಕ್ಕೆ ಕರಪತ್ರದಲ್ಲಿ ‘ಕಾಯ್ದೆಯ ರಕ್ಷಣೆ ಸಿಗದ ಕೆಲಸಗಾರರು’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಓದಿದವರಿಗೆ ತಿಳಿಯಿತು. ‘ಲೆಕ್ಕಕ್ಕಿಲ್ಲದ ಕೆಲಸ’ ಎಂದೂ ಒಬ್ಬರು ಸೂಚಿಸಿದರು. ಅದು ಚುರುಕಾಗಿದೆ, ಆದರೆ ಬೆಲೆಯಿಲ್ಲದ ಕೆಲಸ ಎಂಬ ಅರ್ಥವೂ ಬರುವುದರಿಂದ ನನಗೆ ಒಪ್ಪಿಗೆಯಿಲ್ಲ. ಮಧುಗಿರಿ, ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರು ಯಾರಾದರೂ ಇದ್ದರೆ ಹೇಳಿ: ಹಾಜರಿ ಪುಸ್ತಕ, ಪಿಎಫ್, ರಜೆ ಏನೂ ಇಲ್ಲದ ಇಂಥ ಕೆಲಸಕ್ಕೆ ನಿಮ್ಮ ಕಡೆ ಜನ ಏನಂತಾರೆ? ಬೀಡಿ ಕಟ್ಟುವವರು, ಹುಣಸೆಹಣ್ಣು ಬಡಿಯುವವರು, ಕಲ್ಲು ಕ್ವಾರಿಯವರು ಬಳಸುವ ಪದ ಇದ್ದರೆ ಅದು ಇನ್ನೂ ಒಳ್ಳೆಯದು. ಕರಪತ್ರ ಅಚ್ಚಿಗೆ ಹೋಗುವ ಮೊದಲು ಸಿಕ್ಕರೆ ಅದನ್ನೇ ಹಾಕುತ್ತೇನೆ.