ಹಳೆಯ ದೋಣಿ ಟ್ರೈಲರ್: ಚಾಸಿ ನಂಬರ್ ಪ್ಲೇಟ್ ಇಲ್ಲ, ನೋಂದಣಿ ಹೇಗೆ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಟ್ರೈಲರ್, ಗ್ಯಾಲ್ವನೈಸ್ ಮಾಡಿದ (ಸತು ಲೇಪಿಸಿದ) ಚೌಕಟ್ಟು. ಪ್ಲೇಟ್ ಇದ್ದ ಜಾಗದಲ್ಲಿ ಎರಡು ರಿವೆಟ್ ತೂತು ಮಾತ್ರ ಉಳಿದಿವೆ. ಮಾರಿದವರ ಬಳಿ ದೋಣಿಯ ಕಾಗದ ಮಾತ್ರ ಇದೆ. ಅದರಲ್ಲಿರುವ ನಂಬರ್ ಬರೆದರೆ ನಡೆಯುತ್ತದೆಯೇ?

ಉತ್ತರ 1: ಖಂಡಿತ ಬೇಡ. ಅದು ದೋಣಿಯ ಒಡಲಿನ ನಂಬರ್, ಟ್ರೈಲರ್‌ನದು ಬೇರೆಯೇ. ಈ ಗೊಂದಲದಿಂದ ನೋಂದಣಿ ಅರ್ಜಿ ತಿರಸ್ಕೃತವಾಗಬಹುದು. ಪ್ಲೇಟ್ ಹೋದರೂ ಕಬ್ಬಿಣದ ಮೇಲೆ ಕೊರೆದ ನಂಬರ್ ಉಳಿದಿರಬಹುದು. ವಾಹನಕ್ಕೆ ಸಿಕ್ಕಿಸುವ ಕೊಂಡಿಯ ಹಿಂದಿನ ದಂಡ, ಮುಂಭಾಗದ ಪಕ್ಕದ ಪಟ್ಟಿ ನೋಡಿ. ಸತುವಿನ ಲೇಪ ಕೊರೆದ ಅಕ್ಷರಗಳ ಗುಳಿಗಳನ್ನು ತುಂಬಿರಬಹುದು. ನೈಲಾನ್ ಬ್ರಷ್‌ನಿಂದ ಮಣ್ಣು ತೆಗೆದು, ಸೀಮೆಸುಣ್ಣ ಉಜ್ಜಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಅಕ್ಷರಗಳು ನೆರಳಾಗಿ ಎದ್ದು ಕಾಣುತ್ತವೆ. ಗ್ರೈಂಡರ್ ಮಾತ್ರ ಮುಟ್ಟಿಸಬೇಡಿ, ಉಳಿದ ಗುರುತೂ ಅಳಿಸುತ್ತದೆ, ಮೇಲಾಗಿ ನಂಬರ್ ತಿದ್ದಿದಂತೆ ಕಾಣುತ್ತದೆ. 17 ಅಕ್ಷರಗಳ ನಂಬರ್ ಆದರೆ ಅದರಲ್ಲಿ ಐ, ಓ, ಕ್ಯೂ ಬರುವುದಿಲ್ಲ. ಓ ಅನಿಸಿದ್ದು ಸೊನ್ನೆ.

ಉತ್ತರ 2: ಏನೂ ಸಿಗದಿದ್ದರೆ ಹೊಸ ನಂಬರ್ ನೀವೇ ಕೊರೆಯಬೇಡಿ. ಮೊದಲು ಕಳವಿನ ಪರಿಶೀಲನೆ ಮಾಡಿಸಿ, ಆಮೇಲೆ ನೋಂದಣಿ ಕಚೇರಿಯಿಂದ ಬದಲಿ ನಂಬರ್ ಕೇಳಿ. ಸಹಿ ಮಾಡಿದ ಮಾರಾಟ ಪತ್ರ, ನಾಲ್ಕೂ ಬದಿಯ ಫೋಟೊ, ಖಾಲಿ ರಿವೆಟ್ ತೂತುಗಳ ಹತ್ತಿರದ ಫೋಟೊ, ದೋಣಿ ಇಳಿಸಿ ತೂಗಿಸಿದ ಚೀಟಿ ಜೊತೆಗಿರಲಿ.

ಉತ್ತರ 3: ಒಟ್ಟು ಭಾರಮಿತಿಯನ್ನು ಊಹಿಸಿ ಬರೆಯಬೇಡಿ. ಆಕ್ಸಲ್, ಟೈರ್, ಕೊಂಡಿಯ ಮೇಲಿನ ಅಂಕಿಗಳನ್ನು ಓದಿ. ಅತಿ ದುರ್ಬಲ ಭಾಗ ತಡೆಯುವುದಕ್ಕಿಂತ ಹೆಚ್ಚು ಹಾಕುವಂತಿಲ್ಲ. ಆಕ್ಸಲ್ ಮೇಲಿನ ಸೀರಿಯಲ್ ನಂಬರನ್ನು ಚಾಸಿ ನಂಬರ್ ಎಂದು ಬರೆಯುವ ತಪ್ಪೂ ಬೇಡ.