ರೋಟಿಸ್ಸರಿ ಹಾಕಿದೆ, ಸರಳು ತಿರುಗ್ತದೆ, ಕೋಳಿ ತಿರುಗುವುದಿಲ್ಲ!

ಕುಡ್ಲದ ಕೆಂಡ:
ಹಳೇ ಡ್ರಮ್ಮಿಗೆ ವೆಲ್ಡಿಂಗ್ ಮಾಡಿಸಿದ ಸ್ಮೋಕರ್, ಅಂದರೆ ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆ, ನಮ್ಮಲ್ಲುಂಟು. ಕಳೆದ ತಿಂಗಳು ಅದಕ್ಕೆ ಮೋಟರ್ ಇರುವ ರೋಟಿಸ್ಸರಿ (ಮಾಂಸ ಸಿಕ್ಕಿಸಿ ಕೆಂಡದ ಮೇಲೆ ತಿರುಗಿಸುವ ಸರಳು) ತರಿಸಿದೆ. ಭಾನುವಾರ ಎರಡು ಬ್ರಾಯ್ಲರ್ ಸಿಕ್ಕಿಸಿದೆ. ಅರ್ಧ ಸುತ್ತು ನರಳುತ್ತಾ ಹೋಗುತ್ತದೆ, ಆಮೇಲೆ ದಡಕ್ಕನೆ ಬೀಳುತ್ತದೆ. ಕೊನೆಗೆ ಸರಳು ಮಾತ್ರ ತಿರುಗುತ್ತಿತ್ತು, ಕೋಳಿಗಳು ಸುಮ್ನೆ ನೇತಾಡುತ್ತಿದ್ದವು. ಒಂದು ಬದಿ ಕಪ್ಪು, ಚರ್ಮ ರಬ್ಬರ್. ಕ್ರಿಸ್ಮಸಿಗೆ ಚರ್ಮ ಇರುವ ಹಂದಿ ಮಾಡಬೇಕಂತ ಉಂಟು. ಇದನ್ನು ಇಟ್ಟುಕೊಳ್ಳುವುದಾ, ಮಾರುವುದಾ?

ಬೆಂದೂರಿನವ:
ಮೋಟರಿಗೆ ಬೈಬೇಡಿ ಮಾರಾಯ್ರೆ, ತೂಕ ಒಂದೇ ಬದಿಗೆ ಬಿದ್ದಿದೆ. ಮಾಂಸ ಸಿಕ್ಕಿಸಿದ ಮೇಲೆ ಸರಳಿನ ಎರಡೂ ತುದಿ ಅಂಗೈ ಮೇಲೆ ಸಡಿಲವಾಗಿ ಇಟ್ಟು ನೋಡಿ. ಪ್ರತಿ ಸಲ ಅದೇ ಬದಿ ಕೆಳಗೆ ಹೊರಳಿದರೆ ಬಿಚ್ಚಿ ಮತ್ತೆ ಸಿಕ್ಕಿಸಿ. ಎರಡು ಕೋಳಿ ಆದರೆ ಒಂದರ ಎದೆ ಮೇಲೆ, ಇನ್ನೊಂದರದ್ದು ಕೆಳಗೆ. ಕಾಲು, ರೆಕ್ಕೆ ನೂಲಿನಲ್ಲಿ ಬಿಗಿದು ಕಟ್ಟಲೇಬೇಕು. ಬೇಯುತ್ತಾ ಮಾಂಸ ಕುಗ್ಗುತ್ತದಲ್ಲ, ಹಾಗಾಗಿ ಅರ್ಧ ಗಂಟೆ ಬಿಟ್ಟು ಸರಳಿನಲ್ಲಿ ಮಾಂಸ ಹಿಡಿದಿಡುವ ಮುಳ್ಳಿನ ತಿರುಪು ಇನ್ನೊಮ್ಮೆ ಬಿಗಿ ಮಾಡಿ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು.

ಹೊಗೆ ಬಾಯಿ:
ಚರ್ಮದ ವಿಷಯ ಬೇರೆ. ತಿರುಗಿದರೆ ಕೊಬ್ಬು ಸುತ್ತಲೂ ಹರಿದು ಮಾಂಸ ಒಣಗುವುದಿಲ್ಲ, ಬಣ್ಣ ಒಂದೇ ಸಮ ಬರುತ್ತದೆ, ಅಷ್ಟೇ. 110 ಡಿಗ್ರಿಯಲ್ಲಿ ಎಷ್ಟು ತಿರುಗಿಸಿದರೂ ಚರ್ಮ ಗರಿಗರಿ ಆಗುವುದಿಲ್ಲ. ನಾನು ಮೊದಲು ಹೊಗೆ ಕೊಡುತ್ತೇನೆ, ಕೊನೆಯಲ್ಲಿ ಕೆಂಡ ಜಾಸ್ತಿ ಮಾಡಿ 180 ದಾಟಿಸುತ್ತೇನೆ. ಆಗ ಸರಳಿನ ನೇರ ಕೆಳಗೆ ಕೆಂಡ ಇರಬಾರದು, ಎರಡು ಬದಿಗೆ ಸರಿಸಿ ನಡುವೆ ತಟ್ಟೆ ಇಡಿ. ಕೊಬ್ಬು ಕೆಂಡಕ್ಕೆ ಬಿದ್ದರೆ ಬೆಂಕಿ ಏಳುತ್ತದೆ, ನಿಮ್ಮ ಕಪ್ಪು ಬದಿಯ ಕತೆ ಅದೇ ಇರಬೇಕು. ಹಂದಿಯ ಚರ್ಮಕ್ಕೆ ಉಪ್ಪು ತಿಕ್ಕಿ ಒಂದು ರಾತ್ರಿ ಫ್ರಿಜ್ಜಿನಲ್ಲಿ ಮುಚ್ಚದೆ ಒಣಗಿಸಿ. ಬಫಾತ್ ಮಸಾಲೆ ಪುಡಿ ಒಳಬದಿಗೆ ಮಾತ್ರ, ಚರ್ಮದ ಮೇಲೆ ಹಾಕಿದರೆ ಕರಟುತ್ತದೆ.

ಮಲ್ಪೆ ಗಾಳಿ:
ಕಟ್ಟಿಗೆ ಎಂತದು ಹಾಕ್ತೀರಿ? ಪೇರಳೆ, ಮಾವು ಒಣಗಿದ್ದು ಒಳ್ಳೆಯದು. ಗೇರುಬೀಜದ ಸಿಪ್ಪೆ ಮಾತ್ರ ಬೇಡ. ಅದರ ಎಣ್ಣೆ ಕೈಗೆ ತಾಗಿದರೇ ಚರ್ಮ ಸುಲಿಯುತ್ತದೆ, ಅದರ ಹೊಗೆ ಹಿಡಿದ ಮಾಂಸ ತಿನ್ನುವುದುಂಟಾ?

ಕುಡ್ಲದ ಕೆಂಡ:
ಈಗಷ್ಟೇ ಅಂಗೈ ಪರೀಕ್ಷೆ ಮಾಡಿದೆ, ಎರಡೂ ಕೋಳಿಯ ಎದೆ ಒಂದೇ ಕಡೆ ಇಟ್ಟಿದ್ದೆ, ಥೋ! ಮಾರುವುದಿಲ್ಲ. ಕಟ್ಟಿಗೆ ಪೇರಳೆಯದ್ದೇ, ಸಿಪ್ಪೆ ಹಾಕುವುದಿಲ್ಲ. ಇನ್ನೊಂದು, ತಿರುಗುವಾಗ ಥರ್ಮಾಮೀಟರ್ ವಯರ್ ಸುತ್ತಿಕೊಳ್ಳುತ್ತದಲ್ವಾ?

ಬೆಂದೂರಿನವ:
ವಯರಿನದ್ದು ಬೇಡ. ಮೋಟರ್ ನಿಲ್ಲಿಸಿ ಕಡ್ಡಿ ಥರ್ಮಾಮೀಟರ್ ಚುಚ್ಚಿ. ಸರಳಿಗೋ ಎಲುಬಿಗೋ ತಾಗಿದರೆ ಸುಳ್ಳು ಲೆಕ್ಕ ತೋರಿಸುತ್ತದೆ, ತೊಡೆಯ ದಪ್ಪ ಭಾಗಕ್ಕೇ ಹಾಕಿ. ಕೋಳಿ 74 ಡಿಗ್ರಿ ಆಗಬೇಕು. ಮತ್ತೆ ಕರೆಂಟ್ ಹೋದರೆ ಕೈಯಲ್ಲೇ ತಿರುಗಿಸಬೇಕಾಗುತ್ತದೆ, ಒಬ್ಬ ಭಾವನನ್ನು ಹತ್ತಿರ ಕೂರಿಸಿಕೊಳ್ಳಿ 😄