ಊರಿನ ಆಟಗಾರರ ನೆಪದಲ್ಲಿ ಅಂತರರಾಷ್ಟ್ರೀಯ ಹಾಕಿ ನೋಡಲು ಹೊರಟಿದ್ದೇನೆ: ಎಲ್ಲಿಂದ ಆರಂಭಿಸಲಿ?

ಪ್ರಶ್ನೆ: ಪೊನ್ನಂಪೇಟೆ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು. ಪ್ರೌಢಶಾಲಾ ಶಿಕ್ಷಕಿಯಾಗಿ ಕೊಡಗಿನ ಪೊನ್ನಂಪೇಟೆಯ ಕಡೆಗೆ ವರ್ಗವಾಗಿ ಬರುವವರೆಗೂ ಹಾಕಿಯ ಪರಿಚಯ ನನಗಿದ್ದದ್ದು ಸಾಮಾನ್ಯ ಜ್ಞಾನದ ಪ್ರಶ್ನೋತ್ತರಗಳಲ್ಲಿ ಮಾತ್ರ. ಇಲ್ಲಿಯಾದರೋ ಏಪ್ರಿಲ್ ಬಂತೆಂದರೆ ಕಾಫಿ ಕಣದಿಂದ ಹಿಡಿದು ಬ್ಯಾಂಕಿನ ಸಾಲಿನವರೆಗೆ ಎಲ್ಲೆಡೆಯೂ ಕೊಡವ ಕೌಟುಂಬಿಕ ಹಾಕಿಯದೇ ಮಾತು. ನಮ್ಮ ಮನೆ ಮಾಲೀಕರ ಅಕ್ಕನ ಮಗ ರಾಷ್ಟ್ರೀಯ ಶಿಬಿರಕ್ಕೆ ಹೋಗಿ ಬಂದವರು. ನನ್ನ ತರಗತಿಯ ಇಬ್ಬರು ಹುಡುಗಿಯರು ಕ್ರೀಡಾ ನಿಲಯದಲ್ಲಿದ್ದು ಓದುತ್ತಿದ್ದಾರೆ. ಬೆಳಗಿನ ಅಭ್ಯಾಸ ಮುಗಿಸಿ ಅವರು ಮೊದಲ ಪಿರಿಯಡ್‌ಗೆ ಬಂದು ಕುಳಿತಾಗ ಸ್ಟಿಕ್ಕುಗಳು ಹಿಂದಿನ ಗೋಡೆಗೆ ಒರಗಿರುತ್ತವೆ. ಇವರೆಲ್ಲ ಸೇರಬೇಕೆಂದು ಕನಸು ಕಾಣುವ ಆ ದೊಡ್ಡ ಆಟವನ್ನು ನಾನೂ ತಿಳಿದು ನೋಡಬೇಕೆಂದು ಮೊಬೈಲಿನಲ್ಲಿ ಕೆಲವು ಪಂದ್ಯಗಳನ್ನು ನೋಡಿದೆ.

ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ಭಾರತವು ಒಂದೇ ತಂಡದ ವಿರುದ್ಧ ಬೆನ್ನುಬೆನ್ನಿಗೆ ಎರಡು ಪಂದ್ಯ ಆಡುವುದೇಕೆ? ಪಂದ್ಯ ಸಮವಾಗಿ ಮುಗಿದ ಮೇಲೂ ಶೂಟೌಟ್ ನಡೆಸಿ ಅಂಕ ಹಂಚುವುದು ಹೇಗೆ? ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡು ಬಲೆಗೆ ಬಿದ್ದಿದ್ದರೂ ಗೋಲು ಇಲ್ಲವೆಂದು ಅಂಪೈರ್ ಕೈಯಾಡಿಸಿದ್ದನ್ನು ಕಂಡೆ, ಕಾರಣ ಹೊಳೆಯಲಿಲ್ಲ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು, ಇಷ್ಟು ಹಾಕಿ ತುಂಬಿದ ಊರಿನಲ್ಲಿದ್ದೂ ಭಾರತ ತಂಡದ ಪಟ್ಟಿಯಲ್ಲಿ ಇಲ್ಲಿಯ ಹೆಸರು ಕಾಣದಿರುವುದು. ಹೀಗಿರುವಾಗ ಯಾರನ್ನು ಹಿಂಬಾಲಿಸಿ ನೋಡಬೇಕು? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಹಳೆಯ ಲೆಫ್ಟ್ ಹಾಫ್, ವಿರಾಜಪೇಟೆ

ಮೇಡಂ, ನಮಸ್ಕಾರ. ಮೊದಲು ಪೆನಾಲ್ಟಿ ಕಾರ್ನರ್ ಬಗ್ಗೆ ಬರೆಯುತ್ತೇನೆ. ಇವತ್ತಿನ ಅಂತರರಾಷ್ಟ್ರೀಯ ಹಾಕಿಯಲ್ಲಿ ಅರ್ಧದಷ್ಟು ನಾಟಕ ನಡೆಯುವುದು ಅಲ್ಲಿಯೇ, ಹೊಸಬರಿಗೆ ಅರ್ಥವಾಗದೆ ಉಳಿಯುವುದೂ ಅದೇ. ಗೋಲಿನ ಮುಂದಿರುವ ಅರೆವೃತ್ತವನ್ನು ನಾವು 'ಡಿ' ಎನ್ನುತ್ತೇವೆ. ದಾಳಿಯ ತಂಡದವರ ಸ್ಟಿಕ್ಕು ಚೆಂಡಿಗೆ ತಾಗುವುದು ಡಿ ಒಳಗೇ ಆಗಿರಬೇಕು, ಇಲ್ಲವಾದರೆ ಗೋಲಿಲ್ಲ. ರಕ್ಷಣೆಯ ತಂಡ ಡಿ ಒಳಗೆ ಗೊತ್ತಿಲ್ಲದೆ ತಪ್ಪು ಮಾಡಿದರೂ, 23 ಮೀಟರ್ ಗೆರೆಯ ಒಳಗೆ ಬೇಕೆಂದೇ ತಪ್ಪು ಮಾಡಿದರೂ ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಗುತ್ತದೆ. ಆಗ ಗೋಲ್‌ಕೀಪರ್ ಸೇರಿ ಐವರು ಮಾತ್ರ ಗೋಲಿನ ಗೆರೆಯ ಹಿಂದೆ ನಿಲ್ಲಬಹುದು, ಉಳಿದವರು ಮೈದಾನದ ನಡುಗೆರೆಯ ಆಚೆ ಹೋಗಬೇಕು. ಗೋಲಿನ ಕಂಬದಿಂದ ಹತ್ತು ಮೀಟರ್ ದೂರದಲ್ಲಿ ನಿಂತವನು ಚೆಂಡನ್ನು ಹೊರಕ್ಕೆ ತಳ್ಳುತ್ತಾನೆ, ಡಿ ಅಂಚಿನಲ್ಲಿರುವವನು ಅದನ್ನು ತಡೆದು ನಿಲ್ಲಿಸುತ್ತಾನೆ, ಮೂರನೆಯವನು ಹೊಡೆಯುತ್ತಾನೆ.

ನೀವು ಕಂಡ ಗೋಲು ರದ್ದಾಗಿದ್ದರೆ ಹೆಚ್ಚಾಗಿ ಎರಡರಲ್ಲಿ ಒಂದು ಕಾರಣ ಇರುತ್ತದೆ. ಚೆಂಡು ಒಮ್ಮೆ ಡಿ ಗೆರೆಯಿಂದ ಹೊರಗೆ ಹೋಗಿ ಬಂದಿರಬೇಕು. ಗಡಿಬಿಡಿಯಲ್ಲಿ ಗೆರೆಯ ಒಳಗೇ ತಡೆದು ಹೊಡೆದರೆ ಗೋಲು ಲೆಕ್ಕಕ್ಕಿಲ್ಲ. ಇನ್ನೊಂದು, ಸ್ಟಿಕ್ಕನ್ನು ಬೀಸಿ ಹೊಡೆದ ಮೊದಲ ಹೊಡೆತ ಗೋಲಿನ ಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಎತ್ತರದಲ್ಲಿ ಇರಕೂಡದು. ಗೋಲಿನ ಹಿಂಬದಿಯ ಹಲಗೆಯ ಎತ್ತರವೂ ಅಷ್ಟೇ, ಆದ್ದರಿಂದ ಚೆಂಡು ಹಲಗೆಗೆ ಬಡಿದ ಸದ್ದು ಕೇಳಿದರೆ ಅಂಪೈರ್ ನೋಡುವ ಮೊದಲೇ ಆಟಗಾರರು ಕುಣಿಯುತ್ತಾರೆ. ಆದರೆ ಬೀಸದೆ, ಚೆಂಡನ್ನು ಸ್ಟಿಕ್ಕಿನ ಉದ್ದಕ್ಕೂ ಎಳೆದು ಕವಣೆಯಂತೆ ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಈ ಎತ್ತರದ ಮಿತಿ ಇಲ್ಲ. ನಮ್ಮ ಕೊಡಗಿನ ವಿ.ಆರ್. ರಘುನಾಥ್ ಭಾರತ ತಂಡದಲ್ಲಿ ಸ್ಥಾನ ಗಟ್ಟಿ ಮಾಡಿಕೊಂಡದ್ದು ಈ ಕಲೆಯಿಂದಲೇ. ಮುಂದಿನ ಸಲ ಕಾರ್ನರ್ ಸಿಕ್ಕಾಗ ಹೊಡೆಯುವವನನ್ನು ಬಿಟ್ಟು ಗೋಲಿನಿಂದ ಓಡಿ ಬರುವ ಮೊದಲ ರಕ್ಷಕನನ್ನು ನೋಡಿ. ಮುಖಕ್ಕೊಂದು ಮುಖವಾಡ ಕಟ್ಟಿಕೊಂಡು, ಆ ಎಸೆತಕ್ಕೆ ಎದುರಾಗಿ ಓಡುವ ಆ ಮನುಷ್ಯನ ಧೈರ್ಯಕ್ಕೆ ಪತ್ರಿಕೆಗಳಲ್ಲಿ ಒಂದು ಸಾಲೂ ಸಿಗುವುದಿಲ್ಲ. ಅವನು ಚೆಂಡು ಹೊರಡುವ ಮೊದಲೇ ಗೆರೆ ದಾಟಿದರೆ ನಡುಗೆರೆಯ ಆಚೆಗೆ ಹೋಗಬೇಕಾಗುತ್ತದೆ. ಮರಳಿ ತೆಗೆದುಕೊಳ್ಳುವ ಕಾರ್ನರ್‌ನಲ್ಲಿ ಅವನ ಬದಲಿಗೆ ಯಾರೂ ನಿಲ್ಲುವಂತಿಲ್ಲ.

ಇನ್ನು ಊರಿನ ಹೆಸರುಗಳ ವಿಚಾರ. ಹಳೆಯ ಪಟ್ಟಿಗಳನ್ನು ತೆಗೆದು ನೋಡುವಾಗ ಇನಿಷಿಯಲ್‌ಗಳನ್ನು ಬಿಡಿಸಿ ಓದಬೇಕು, ಮನೆಪೆಸರು, ಅಂದರೆ ಕೊಡವರ ಒಕ್ಕದ (ಮನೆತನದ) ಹೆಸರು, ಅಡಗಿರುವುದು ಅಲ್ಲಿಯೇ. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದು 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದ ಎಂ.ಎಂ. ಸೋಮಯ್ಯ ಮನೆಯಪಂಡ ಒಕ್ಕದವರು. ಬಾರ್ಸಿಲೋನಾ, ಅಟ್ಲಾಂಟಾಗಳಲ್ಲಿ ಗೋಲು ಕಾಯ್ದ ಎ.ಬಿ. ಸುಬ್ಬಯ್ಯ ಅಂಜಪರವಂಡದವರು. ಹಾಗೆಂದು ಕೊಡಗಿನ ಹಾಕಿಯೆಂದರೆ ಕೊಡವ ಒಕ್ಕಗಳದ್ದು ಮಾತ್ರವೆಂದು ಎಣಿಸಬೇಡಿ. 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, ಅನಂತರದ ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಮೂವರೂ ಸೋಮವಾರಪೇಟೆಯವರು. ಸುನಿಲ್ ಅವರ ಹೆಸರಿನ ಮೊದಲ ಅಕ್ಷರವೇ ಸೋಮವಾರಪೇಟೆ, ಹೀಗಾಗಿ ಆ ಪುಟ್ಟ ಪಟ್ಟಣ ಎರಡು ಒಲಿಂಪಿಕ್ಸ್‌ಗಳ ಸ್ಕೋರ್ ಪಟ್ಟಿಗಳಲ್ಲಿ ಸೇರಿಹೋಗಿದೆ. 2016ರ ರಿಯೊ ತಂಡದಲ್ಲಿ ರಘುನಾಥ್, ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಹೀಗೆ ನಾಲ್ವರಿದ್ದರು. ಅಂಥ ತಂಡ ನೋಡಿದವರಿಗೆ ಈಗಿನ ಖಾಲಿತನ ಬೇಸರ ತರುವುದು ಸಹಜ.

ಉತ್ತರ: ಆಮ್‌ಸ್ಟೆಲ್ವೀನ್ ಕನ್ನಡಿಗ

ಶಿಕ್ಷಕಿಯವರ ಬೆನ್ನುಬೆನ್ನಿನ ಪಂದ್ಯಗಳ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನೀವು ನೋಡಿದ್ದು ಬಹುಶಃ ಪ್ರೊ ಲೀಗ್ ಪಂದ್ಯಗಳು. ಅಂತರರಾಷ್ಟ್ರೀಯ ಹಾಕಿ ಒಕ್ಕೂಟವು 2019ರಲ್ಲಿ ಇದನ್ನು ಆರಂಭಿಸಿತು, ಭಾರತದ ಪುರುಷರ ತಂಡ ಮರುವರ್ಷ ಸೇರಿತು. ಒಂಬತ್ತು ತಂಡಗಳಿದ್ದು ಪ್ರತಿಯೊಂದೂ ಉಳಿದ ಎಂಟರೊಡನೆ ಎರಡೆರಡು ಬಾರಿ ಆಡಬೇಕು. ಆಸ್ಟ್ರೇಲಿಯ, ಅರ್ಜೆಂಟೀನಾ, ಯುರೋಪು, ಭಾರತಗಳ ನಡುವೆ ತಂಡಗಳು ಮತ್ತೆ ಮತ್ತೆ ಹಾರಾಡುವ ಖರ್ಚು ಭರಿಸಲಾಗದ್ದು. ಆದುದರಿಂದ ಮೂರು ನಾಲ್ಕು ತಂಡಗಳನ್ನು ಒಂದೆಡೆ ಸೇರಿಸಿ ಎರಡು ಪಂದ್ಯಗಳನ್ನೂ ಅಲ್ಲಿಯೇ ಮುಗಿಸುತ್ತಾರೆ. ಗೆದ್ದರೆ ಮೂರು ಅಂಕ. ಸಮವಾದರೆ ಇಬ್ಬರಿಗೂ ಒಂದೊಂದು ಅಂಕ, ಅದರ ಮೇಲೆ ಶೂಟೌಟ್ ಗೆದ್ದವರಿಗೆ ಇನ್ನೊಂದು. ಶೂಟೌಟ್ ಎಂದರೆ ನಿಂತಲ್ಲಿಂದ ಹೊಡೆಯುವುದಲ್ಲ. ಆಟಗಾರ 23 ಮೀಟರ್ ಗೆರೆಯಿಂದ ಚೆಂಡಿನೊಂದಿಗೆ ಓಡಿಬಂದು ಎಂಟು ಸೆಕೆಂಡಿನೊಳಗೆ ಗೋಲ್‌ಕೀಪರನನ್ನು ತಪ್ಪಿಸಿ ಗೋಲು ಹಾಕಬೇಕು.

ಈ ಲೀಗಿನಲ್ಲಿ ಕೊನೆಯ ಸ್ಥಾನಕ್ಕಿಳಿದವರು ಹೊರಬಿದ್ದು ನೇಷನ್ಸ್ ಕಪ್ ಎಂಬ ಕೆಳಗಿನ ಟೂರ್ನಿಗೆ ಹೋಗುತ್ತಾರೆ. 2024–25ರ ಋತುವಿನಲ್ಲಿ ಭಾರತದ ಮಹಿಳೆಯರಿಗೆ ಹಾಗಾಯಿತು, ಪುರುಷರು ಎಂಟನೆಯ ಸ್ಥಾನದಲ್ಲಿ ನಿಂತು ಉಳಿದುಕೊಂಡರು. ಆದ್ದರಿಂದ ಪಟ್ಟಿಯ ತಳಭಾಗದ ಪಂದ್ಯಗಳಿಗೂ ಜೀವವಿರುತ್ತದೆ. ಮೇಲಿನ ಮೂವರನ್ನಷ್ಟೇ ನೋಡಿ ಸುಮ್ಮನಾಗಬೇಡಿ.

ನಾನಿರುವ ಊರಿನ ವಾಗೆನರ್ ಕ್ರೀಡಾಂಗಣ ನೆದರ್ಲೆಂಡ್ಸ್ ತಂಡದ ತವರುಮನೆ ಎನ್ನಬಹುದು. 2026ರ ಆಗಸ್ಟ್ 15ರಿಂದ 30ರವರೆಗೆ ಪುರುಷರ ಮತ್ತು ಮಹಿಳೆಯರ ವಿಶ್ವಕಪ್‌ಗಳೆರಡಕ್ಕೂ ನಿಗದಿಯಾದ ಸ್ಥಳಗಳು ಇದು ಮತ್ತು ಬೆಲ್ಜಿಯಂನ ವಾವ್ರ್. 2025ರ ಸೆಪ್ಟೆಂಬರಿನಲ್ಲಿ ರಾಜಗಿರ್‌ನಲ್ಲಿ ಕೊರಿಯಾವನ್ನು 4–1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದ ಭಾರತದ ಪುರುಷರಿಗೆ ಅದರಿಂದಲೇ ವಿಶ್ವಕಪ್‌ನ ದಾರಿ ತೆರೆಯಿತು. ಹೊಸಬರಿಗೆ ನನ್ನ ಸಲಹೆಯೆಂದರೆ ವಿಶ್ವಕಪ್ ಅಥವಾ ಒಲಿಂಪಿಕ್ಸ್‌ಗಾಗಿ ಕಾಯದೆ ಜೂನ್ ತಿಂಗಳ ಯುರೋಪಿನ ಪ್ರೊ ಲೀಗ್ ಪಂದ್ಯಗಳನ್ನು ನೋಡುವುದು. ಭಾರತದಲ್ಲಿ ಆಗ ಸಂಜೆ ಅಥವಾ ರಾತ್ರಿ. ಶಾಲೆಯ ಕೆಲಸಕ್ಕೆ ಅಡ್ಡಿಯಾಗದು. ಪ್ರಸಾರದ ಹಕ್ಕು ಟೂರ್ನಿಯಿಂದ ಟೂರ್ನಿಗೆ ಕೈ ಬದಲಾಗುತ್ತಿರುತ್ತದೆ, ಒಕ್ಕೂಟದ್ದೇ ಆದ ವಾಚ್ ಹಾಕಿ ಎಂಬ ತಾಣದಲ್ಲಿ ವೇಳಾಪಟ್ಟಿಯನ್ನು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಉತ್ತರ: ಅಕ್ಕಿತಿಮ್ಮನಹಳ್ಳಿ ಗ್ಯಾಲರಿ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ 'ಖಾಲಿತನ' ಎಂಬ ಮಾತಿಗೆ ನನ್ನ ತಕರಾರಿದೆ. ಪಟ್ಟಿಯಲ್ಲಿ ನಮ್ಮೂರಿನವರ ಹೆಸರಿದ್ದರೆ ಮಾತ್ರ ಹಾಕಿ ನೋಡುತ್ತೇವೆ ಎನ್ನುವವರು 2024ರ ಪ್ಯಾರಿಸ್ ಒಲಿಂಪಿಕ್ಸ್ ಅನ್ನು ಕಳೆದುಕೊಂಡಿರುತ್ತಾರೆ, ಏಕೆಂದರೆ ಆ ತಂಡದಲ್ಲಿ ಕರ್ನಾಟಕದವರು ಯಾರೂ ಇರಲಿಲ್ಲ. ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಎರಡನೆಯ ಕ್ವಾರ್ಟರ್‌ನಲ್ಲಿಯೇ ಭಾರತದ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಬಿತ್ತು. ಹಸಿರು ಕಾರ್ಡಿಗೆ ಎರಡು ನಿಮಿಷ, ಹಳದಿಗೆ ಕನಿಷ್ಠ ಐದು ನಿಮಿಷ ಹೊರಗಿರಬೇಕು. ಕೆಂಪು ಬಿದ್ದರೆ ಪಂದ್ಯ ಮುಗಿಯುವವರೆಗೆ ತಂಡದಲ್ಲಿ ಒಬ್ಬ ಕಡಿಮೆ. ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಮಂದಿ ಆಡಿ 1–1ರಲ್ಲಿ ಉಳಿಸಿಕೊಂಡು, ಶೂಟೌಟ್‌ನಲ್ಲಿ 4–2ರಿಂದ ಗೆದ್ದರು. ಆಟ ಕಲಿಯುವವರು ಆ ಪಂದ್ಯದ ಎರಡನೆಯ ಅರ್ಧವನ್ನು ಒಮ್ಮೆ ಪೂರ್ತಿಯಾಗಿ ನೋಡಬೇಕು. ಒಬ್ಬ ಕಡಿಮೆಯಾದಾಗ ಮಧ್ಯದ ಸಾಲು ಹೇಗೆ ಹಿಂದೆ ಸರಿಯುತ್ತದೆ, ಎದುರಾಳಿಯನ್ನು ಬದಿಗೆರೆಯ ಕಡೆಗೆ ಹೇಗೆ ತಳ್ಳುತ್ತಾರೆ, ಡಿ ಒಳಗೆ ಯಾರದೂ ಕಾಲಿಗೆ ಚೆಂಡು ತಾಗದಂತೆ ಎಷ್ಟು ಎಚ್ಚರವಹಿಸುತ್ತಾರೆ ಎಂಬುದೆಲ್ಲ ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ.

ಅದೇ ಪ್ಯಾರಿಸ್‌ನ ಗುಂಪಿನ ಹಂತದಲ್ಲಿ ಭಾರತ ಆಸ್ಟ್ರೇಲಿಯವನ್ನು 3–2ರಿಂದ ಸೋಲಿಸಿತು. ಒಲಿಂಪಿಕ್ಸ್‌ನಲ್ಲಿ ಆ ತಂಡವನ್ನು ಭಾರತ ಅದಕ್ಕೂ ಮೊದಲು ಗೆದ್ದದ್ದು 1972ರ ಮ್ಯೂನಿಕ್‌ನಲ್ಲಿ, ಮತ್ತು ಅಂದಿನ ಭಾರತ ತಂಡದಲ್ಲಿ ಕೊಡಗಿನ ಎಂ.ಪಿ. ಗಣೇಶ್ ಹಾಗೂ ಬಿ.ಪಿ. ಗೋವಿಂದ ಇಬ್ಬರೂ ಇದ್ದರು. ಮರುವರ್ಷದ ವಿಶ್ವಕಪ್‌ನಲ್ಲಿ ಬೆಳ್ಳಿ ತಂದ ತಂಡಕ್ಕೆ ಗಣೇಶ್ ಅವರೇ ನಾಯಕರು. ಊರಿನ ನಂಟು ಹೀಗೆ ದಾಖಲೆಗಳ ಮೂಲಕವೂ ಸಿಗುತ್ತದೆ.

ನಂಟು ಹುಡುಕುವುದೇ ಆದರೆ ಹನ್ನೊಂದು ಮಂದಿಯ ಆಚೆಗೂ ಕಣ್ಣು ಹಾಯಿಸಿ. ಬೆಂಗಳೂರಿನ ಆರ್.ವಿ. ರಘುಪ್ರಸಾದ್ ಒಲಿಂಪಿಕ್ಸ್ ಮಟ್ಟದ ಅಂಪೈರ್. ಅವರು ಸೀಟಿ ಹಿಡಿದ ಪಂದ್ಯವಿದ್ದರೆ ಭಾರತ ಆಡದಿದ್ದರೂ ನಾನು ನೋಡುತ್ತೇನೆ, ಅಂಪೈರ್ ಎಲ್ಲಿ ನಿಲ್ಲುತ್ತಾರೆಂದು ಗಮನಿಸಿದರೆ ಆಟದ ಅರ್ಧ ನಿಯಮಗಳು ತಾವಾಗಿ ತಿಳಿಯುತ್ತವೆ. ಟೋಕಿಯೊದಲ್ಲಿ ನಾಲ್ಕನೆಯ ಸ್ಥಾನ ಪಡೆದ ಮಹಿಳಾ ತಂಡದ ಸಹಾಯಕ ತರಬೇತುದಾರರಾಗಿದ್ದವರು ಕೊಡಗಿನ ಅಂಕಿತಾ ಸುರೇಶ್. ನಿಮ್ಮ ವಿದ್ಯಾರ್ಥಿನಿಯರಿಗೆ ಈ ಹೆಸರನ್ನು ತಪ್ಪದೆ ಹೇಳಿ. ಆಟಗಾರರೇ ಬೇಕೆಂದರೆ ಬೆಂಗಳೂರಿನ ಮೊಹಮ್ಮದ್ ರಾಹೀಲ್ ಇದ್ದಾರೆ. ತಂಡಕ್ಕೆ ಐವರಂತೆ ಆಡುವ ಹಾಕಿ ಫೈವ್ಸ್‌ನಲ್ಲಿ ಗೋಲುಗಳ ಸುರಿಮಳೆಗರೆದು, ಹನ್ನೊಂದು ಮಂದಿಯ ತಂಡಕ್ಕೂ ಬಂದವರು ಅವರು.

ಪ್ರಶ್ನಿಸಿದವರು: ಪೊನ್ನಂಪೇಟೆ ಶಿಕ್ಷಕಿ

ಮೂವರಿಗೂ ಧನ್ಯವಾದಗಳು. ಹಲಗೆಯ ಎತ್ತರದ ವಿಷಯವನ್ನು ನನ್ನ ಹುಡುಗಿಯರ ಮುಂದೆ ಹೇಳಿದೆ, 'ಅದು ನಮಗೆ ಗೊತ್ತು ಮಿಸ್' ಎಂದು ನಕ್ಕರು. ಇನ್ನೊಂದು ಸಂದೇಹವಿದೆ. ಕೌಟುಂಬಿಕ ಹಾಕಿಯಲ್ಲಿ ಅಜ್ಜಂದಿರು, ಸೊಸೆಯಂದಿರು, ಚಿಕ್ಕ ಹುಡುಗರೆಲ್ಲ ಒಂದೇ ತಂಡದಲ್ಲಿ ಆಡುವುದನ್ನು ನೋಡಿದ್ದೇನೆ. ಆ ಆಟಕ್ಕೂ ಟಿವಿಯಲ್ಲಿ ಕಾಣುವ ಆಟಕ್ಕೂ ಇಷ್ಟು ವೇಗದ ವ್ಯತ್ಯಾಸ ಬರುವುದು ಆಟಗಾರರಿಂದಲೋ, ಮೈದಾನದಿಂದಲೋ?

ಉತ್ತರ: ಹಳೆಯ ಲೆಫ್ಟ್ ಹಾಫ್, ವಿರಾಜಪೇಟೆ

ಎರಡರಿಂದಲೂ ಹೌದು ಮೇಡಂ, ಆದರೆ ಮೈದಾನದ ಪಾಲು ಹೊರಗಿನವರು ಎಣಿಸುವುದಕ್ಕಿಂತ ದೊಡ್ಡದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಉತ್ಸವ ಇವತ್ತಿಗೂ ಹುಲ್ಲು ಮಣ್ಣಿನ ಮೈದಾನದ್ದೇ. ಅಲ್ಲಿ ಚೆಂಡು ಎಲ್ಲಿ ಪುಟಿಯುತ್ತದೆಂದು ಹೇಳಲಾಗದು. ತಡೆದು, ನೆಲೆಗೆ ತಂದು, ಆಮೇಲೆ ಆಡಬೇಕು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ದೊಡ್ಡ ಪಂದ್ಯಗಳು ಕೃತಕ ಟರ್ಫ್‌ಗೆ ಹೋದವು. ಪಂದ್ಯಕ್ಕೆ ಮೊದಲು ಅದರ ಮೇಲೆ ನೀರು ಹಾಯಿಸುತ್ತಾರೆ, ಒದ್ದೆ ಟರ್ಫ್‌ನಲ್ಲಿ ಚೆಂಡು ನೆಲಕ್ಕಂಟಿಕೊಂಡೇ ಜಾರುತ್ತದೆ. ಒಂದೇ ತಾಗಿನಲ್ಲಿ ಪಾಸ್ ಕೊಡುವ ಧೈರ್ಯ ಬರುವುದು ಆ ನಂಬಿಕೆಯಿಂದ. ಚೆಂಡಿಗಿಂತ ಮೊದಲೇ ಎದುರಾಳಿಯ ಗೋಲಿನ ಬಳಿ ಹೋಗಿ ಕಾಯುವುದನ್ನು ತಡೆಯುತ್ತಿದ್ದ ಹಿಂದಿನ ಆಫ್‌ಸೈಡ್ ನಿಯಮವೂ ಈಗಿಲ್ಲ, ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಹದಿನೈದು ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಲ್ಲಿ ಫಾರ್ವರ್ಡ್‌ಗಳು ಕೆಲವೇ ನಿಮಿಷ ಪೂರ್ತಿ ವೇಗದಲ್ಲಿ ಓಡಿ ಹೊರಬರುತ್ತಾರೆ, ದಣಿವಾರಿಸಿಕೊಂಡು ಮತ್ತೆ ಒಳಹೋಗುತ್ತಾರೆ. ಟಿವಿಯಲ್ಲಿ ಬೆಂಚಿನ ಕಡೆಗೆ ಕ್ಯಾಮೆರಾ ತಿರುಗುವುದು ಕಡಿಮೆ, ಹೀಗಾಗಿ ಅದೇ ಹನ್ನೊಂದು ಮಂದಿ ಅಷ್ಟೂ ಹೊತ್ತು ಓಡುತ್ತಿದ್ದಾರೆಂಬ ಭ್ರಮೆ ಹುಟ್ಟುತ್ತದೆ.

ನಿಮ್ಮ ಹುಡುಗಿಯರು ಟರ್ಫ್ ಮೇಲೆ ಅಭ್ಯಾಸ ಮಾಡುವ ದಿನ ಬೇಲಿಯ ಬಳಿ ನಿಂತು ಒಮ್ಮೆ ನೋಡಿ ಬನ್ನಿ. ಗೋಲಿನ ಹಿಂದೆ ಮಾತ್ರ ನಿಲ್ಲಬೇಡಿ, ಕಾರ್ನರ್ ಅಭ್ಯಾಸ ನಡೆಯುತ್ತಿರುತ್ತದೆ.